ಟೇಪು ಬೇಡ, ಜಿಂಕೆಯ ಕಿವಿ ಸಾಕು

ಮೆಕ್ಕೆಜೋಳದ ಹೊಲದ ಅಂಚಿನಲ್ಲಿ ಗಂಡು ಜಿಂಕೆಯೊಂದು ತಲೆ ಎತ್ತಿ ನಿಂತಿದೆ. ಅರ್ಧ ನಿಮಿಷಕ್ಕೆಲ್ಲ ಮಾಯವಾಗುತ್ತದೆ. ಅಷ್ಟರೊಳಗೆ ಅದರ ಕೊಂಬಿಗೆ ಎಷ್ಟು ಅಂಕ ಅಂತ ಹೇಳಬೇಕು. ಹೇಗೆ?

ಅಮೆರಿಕದ ಬೇಟೆಗಾರರು ಜಿಂಕೆಯ ಕೊಂಬು ಅಳೆದು ಅಂಕ ಕೊಡುತ್ತಾರೆ, ಒಂದು ಇಂಚಿಗೆ ಒಂದು ಅಂಕ. ಅವರ ಬಾಯಲ್ಲಿ ‘150 ಇಂಚಿನ ಜಿಂಕೆ’ ಅಂದರೆ ಕೊಂಬು ಅಷ್ಟುದ್ದ ಇದೆ ಅಂತಲ್ಲ. ಕೊಂಬಿನ ಹತ್ತಾರು ಅಳತೆ ಕೂಡಿದಾಗ ಬರುವ ಮೊತ್ತ ಅದು. 1887ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಕಟ್ಟಿದ ಬೂನ್ ಆಂಡ್ ಕ್ರಾಕೆಟ್ ಎಂಬ ಬೇಟೆಗಾರರ ಕ್ಲಬ್ 1950ರಲ್ಲಿ ಈ ಲೆಕ್ಕವನ್ನು ಜಾರಿಗೆ ತಂದಿತು.

ಮೊದಲು ಅಳತೆಗೋಲು ಹುಡುಕಿ. ಅದು ಜಿಂಕೆಯ ಮುಖದಲ್ಲೇ ಇದೆ. ಅಲ್ಲಿನ ಬಿಳಿಬಾಲದ ಜಿಂಕೆ ಕಿವಿ ನಿಮಿರಿಸಿ ನಿಮ್ಮತ್ತ ನೋಡಿದಾಗ ಒಂದು ಕಿವಿಯ ತುದಿಯಿಂದ ಇನ್ನೊಂದರ ತುದಿಗೆ ಸುಮಾರು 16 ಇಂಚು. ಒಂದು ಕಿವಿಯ ಉದ್ದ 6ರಿಂದ 7. ಕಣ್ಣಿನ ಸುತ್ತಳತೆ ಹತ್ತಿರಹತ್ತಿರ 4. ಇಷ್ಟು ಬಾಯಿಪಾಠ ಆದರೆ ಅರ್ಧ ಕೆಲಸ ಮುಗಿಯಿತು.

ಈಗ ಬೈನಾಕ್ಯುಲರ್ ಎತ್ತಿ. ಎದುರಿನಿಂದ ನೋಡಿ, ಎರಡು ಕೊಂಬಿನ ನಡುವಿನ ಅಗಲ ಹಿಡಿಯಿರಿ. ಕೊಂಬಿನ ಒಳಬದಿ ಎರಡೂ ಕಿವಿಯಿಂದ ಒಂದೊಂದು ಇಂಚು ಆಚೆಗಿದ್ದರೆ 18. ಹಿಂದಿನಿಂದ ಮಾತ್ರ ಅಳೆಯಬೇಡಿ. ಓಡಿಹೋಗುವ ಜಿಂಕೆಯ ಕೊಂಬು ಯಾವಾಗಲೂ ದೊಡ್ಡದಾಗಿಯೇ ಕಾಣುತ್ತದೆ!

ಅದು ಪಕ್ಕಕ್ಕೆ ತಿರುಗಿದಾಗ ಮುಖ್ಯ ಕೊಂಬಿನ ಉದ್ದ ನೋಡಿ. ತುದಿ ಬಾಗಿ ಮೂಗಿನ ನೇರಕ್ಕೆ ಬಂದಿದ್ದರೆ ಒಳ್ಳೆಯ ಉದ್ದ, 22 ಹಾಕಿಕೊಳ್ಳಿ. ಎರಡೂ ಸೇರಿ 44.

ಅಂಕ ಜಾಸ್ತಿ ಬರೋದು ಟಿಸಿಲುಗಳಿಂದ. ಒಂದೊಂದನ್ನೂ ಕಿವಿಯ ಪಕ್ಕ ಇಟ್ಟಂತೆ ಅಂದಾಜು ಮಾಡಿ. ಹುಬ್ಬಿನ ಮೇಲಿನದು 5, ಕಿವಿಗಿಂತ ಎದ್ದು ಕಾಣುವ ಎರಡನೆಯದು 9, ಮೂರನೆಯದು 8, ಕೊನೆಯದು 4. ಒಂದು ಬದಿಗೆ 26, ಎರಡಕ್ಕೆ 52. ಒಂದು ಇಂಚಿಗಿಂತ ಚಿಕ್ಕ ಮೊಳಕೆಯನ್ನು ಟಿಸಿಲು ಅಂತ ಎಣಿಸುವಂತಿಲ್ಲ.

ಉಳಿದದ್ದು ದಪ್ಪ. ಪ್ರತಿ ಕೊಂಬಿನಲ್ಲಿ ನಾಲ್ಕು ಕಡೆ ಸುತ್ತಳತೆ ತೆಗೆಯುತ್ತಾರೆ. ಕೊಂಬು ಕಣ್ಣಿನಷ್ಟೇ ದಪ್ಪ ಕಂಡರೆ ಒಂದೊಂದು ಕಡೆ 4, ಒಟ್ಟು 32. ಇಲ್ಲಿ ತಲೆ ಕೆಡಿಸಿಕೊಳ್ಳಬೇಡಿ, ತಪ್ಪಿದರೂ ನಾಲ್ಕೈದು ಇಂಚು.

18, 44, 52, 32. ಕೂಡಿದರೆ 146. ಎಡಬಲದ ಕೊಂಬಿನಲ್ಲಿ ವ್ಯತ್ಯಾಸ ಇದ್ದಷ್ಟೂ ಕೊನೆಗೆ ಕಳೆಯುತ್ತಾರೆ. ಸಾಮಾನ್ಯ ಆಕಾರದ ಕೊಂಬು ಆ ಕ್ಲಬ್ಬಿನ ಸಾರ್ವಕಾಲಿಕ ದಾಖಲೆ ಪುಸ್ತಕ ಸೇರಲು 170 ಬೇಕು. ಅಂದರೆ ನಮ್ಮ ಜಿಂಕೆ ಇನ್ನೂ ದೂರ ಇದೆ.

ಲೆಕ್ಕ ತಪ್ಪೋದು ಗಣಿತದಲ್ಲಲ್ಲ, ಕಣ್ಣಲ್ಲಿ. ಎಳೆಯ ಜಿಂಕೆಯ ಸಣ್ಣ ಮೈಮೇಲೆ ಸಾಧಾರಣ ಕೊಂಬೂ ಭಾರಿ ಅನ್ನಿಸುತ್ತದೆ. ಕುತ್ತಿಗೆ ಉಬ್ಬಿದ ಮುದಿ ಜಿಂಕೆಯ ಕೊಂಬು ಅದರ ಮೈ ಮುಂದೆ ಚಿಕ್ಕದಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಕೊಂಬಿನ ಮೇಲೆ ಮಖಮಲ್ಲಿನಂಥ ಚರ್ಮ ಇರುತ್ತದಲ್ವಾ, ಆಗ ಎಲ್ಲವೂ ದಪ್ಪವೇ.

ಈ ಸೂತ್ರವನ್ನು ಬಂಡೀಪುರಕ್ಕೆ ಹೊತ್ತು ತರಬೇಡಿ. ನಮ್ಮ ಚುಕ್ಕೆ ಜಿಂಕೆಯ ಕೊಂಬಿಗೆ ಸಾಮಾನ್ಯವಾಗಿ ಮೂರೇ ಮೊನೆ. 1932ರಲ್ಲಿ ಇದೇ ಜಿಂಕೆಯನ್ನು ಟೆಕ್ಸಾಸ್‌ಗೆ ಒಯ್ದರು. ಅಲ್ಲಿ ಜನ ಇದರ ಟಿಸಿಲು ಲೆಕ್ಕ ಹಾಕುತ್ತಾ ಕೂರುವುದಿಲ್ಲ, ಮುಖ್ಯ ಕೊಂಬಿನ ಉದ್ದ ಮಾತ್ರ ಕೇಳುತ್ತಾರೆ. 30 ಇಂಚು ದಾಟಿದರೆ ಹುಬ್ಬೇರಿಸುತ್ತಾರೆ. ನಮ್ಮಲ್ಲಿ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಯ ಮಾತೇ ಇಲ್ಲ, ಉದುರಿ ಬಿದ್ದ ಕೊಂಬನ್ನೂ ಕಾಡಿನಿಂದ ಮನೆಗೆ ತರುವಂತಿಲ್ಲ. ಸಫಾರಿಯಲ್ಲಿ ತೆಗೆದ ಫೋಟೊ ಇಟ್ಟುಕೊಂಡು ಕಿವಿಯ ಲೆಕ್ಕದಲ್ಲಿ ಕೊಂಬು ಅಳೆಯಲು ಯಾರ ಅಡ್ಡಿಯೂ ಇಲ್ಲ.