ಲೀಸ್ ಕಾರು ಆರಿಸುವ ಮೊದಲು ನಾನು ಅಳೆದದ್ದು

ಲೀಸ್ ಅಂದರೆ ಕಾರನ್ನು ಕೊಳ್ಳದೆ ಕೆಲವು ವರ್ಷಕ್ಕೆ ತಿಂಗಳ ಬಾಡಿಗೆಗೆ ಇಟ್ಟುಕೊಂಡು, ಕೊನೆಗೆ ವಾಪಸ್ ಕೊಡುವುದು. ಲೀಸ್ ಕಂಪನಿಗಳ ಲೆಕ್ಕವೆಲ್ಲ ಪೇಟೆಯ ಲೆಕ್ಕ. ವರ್ಷಕ್ಕೆ ಹತ್ತು ಹದಿನೈದು ಸಾವಿರ ಕಿ.ಮೀ. ಓಡಾಟ, ಸಪಾಟು ರಸ್ತೆ, ಮನೆ ಹತ್ತಿರವೇ ಸರ್ವಿಸ್ ಸೆಂಟರ್ ಅಂತ ಇಟ್ಟುಕೊಂಡೇ ಅವರು ತಿಂಗಳ ಬಾಡಿಗೆ ಹೇಳುವುದು. ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳಲ್ಲಿ ಇರುವವರಿಗೆ ಈ ಮೂರರಲ್ಲಿ ಒಂದೂ ಹೊಂದುವುದಿಲ್ಲ. ಹಾಗಾಗಿ ನಾನು ಮೊದಲು ದಾರಿ ಅಳೆದೆ, ಆಮೇಲೆ ಕರಾರು ಓದಿದೆ, ಕಾರಿನ ಮಾಡೆಲ್ ನೋಡಿದ್ದು ಎಲ್ಲಕ್ಕಿಂತ ಕೊನೆಗೆ. ಶೋರೂಂಗೆ ಮೊದಲೇ ಹೋದರೆ ಈ ಕ್ರಮ ತಲೆಕೆಳಗಾಗುತ್ತದೆ.

ಕಿ.ಮೀ. ಅಂದಾಜು ಹಾಕಬೇಡಿ, ಬರೆದಿಡಿ. ಈಗಿರುವ ಕಾರಿನದೋ ಬೈಕಿನದೋ ಮೀಟರ್ ರೀಡಿಂಗನ್ನು ಬೇಸಿಗೆಯ ಒಂದು ತಿಂಗಳು, ಮಳೆಗಾಲದ ಒಂದು ತಿಂಗಳು ಗುರುತು ಹಾಕಿಕೊಂಡರೆ ಸಾಕು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿ.ಮೀ. ಆಸುಪಾಸು. ದಿನಾ ಹೋಗಿ ಬರುವವರಿಗೆ 120, ತಿಂಗಳಿಗೆ 25 ದಿನ ಹಿಡಿದರೆ 3,000, ವರ್ಷಕ್ಕೆ 36,000. ಇದರ ಮೇಲೆ ಬೆಂಗಳೂರಿನ ಒಂದೊಂದು ಓಡಾಟಕ್ಕೆ 600ಕ್ಕೂ ಹೆಚ್ಚು, ಮಣಿಪಾಲದ ಆಸ್ಪತ್ರೆಗೆ ಹೋಗಿ ಬಂದರೆ 170ರ ಆಸುಪಾಸು. ಘಾಟಿಯಲ್ಲಿ ದರೆ ಕುಸಿದರೆ ಸುತ್ತು ದಾರಿ ಹಿಡಿಯಬೇಕು, ಅದಕ್ಕೆ ನಾನು ನೂರಕ್ಕೆ ಹತ್ತು ಸೇರಿಸುತ್ತೇನೆ. 15,000 ಕಿ.ಮೀ. ಮಿತಿಯ ಕರಾರಿಗೆ ಸಹಿ ಹಾಕಿ 36,000 ಓಡಿಸಿದರೆ ಹೆಚ್ಚುವರಿ 21,000. ಕಿ.ಮೀ.ಗೆ 8 ರೂಪಾಯಿ ದಂಡ ಎಂದಿಟ್ಟುಕೊಂಡರೂ ವರ್ಷಕ್ಕೆ 1.68 ಲಕ್ಷ. ಅದು ಕೈಗೆ ಬರುವುದು ಕರಾರು ಮುಗಿಯುವ ದಿನ, ಮೂರು ವರ್ಷದ್ದು ಒಟ್ಟಿಗೆ. ಮೊದಲೇ ಹೆಚ್ಚು ಮಿತಿ ಕೇಳಿದರೆ ಬಾಡಿಗೆ ಏರುತ್ತದೆ, ಆದರೆ ಈ ದಂಡದಷ್ಟು ಏರುವುದಿಲ್ಲ. ಉಳಿದ ಕಿ.ಮೀ.ಗೆ ಹಣ ವಾಪಸ್ ಕೊಡುತ್ತಾರಾ ಅಂತಲೂ ಆಗಲೇ ಕೇಳಿ.

ಬಾಡಿಗೆ ಹೇಗೆ ಹುಟ್ಟುತ್ತದೆ ಎಂಬುದನ್ನು ಒಮ್ಮೆ ಕಾಗದದ ಮೇಲೆ ಬಿಡಿಸಿಕೊಂಡರೆ ಏಜೆಂಟರ ಮಾತು ಅರ್ಧ ಕಡಿಮೆಯಾಗುತ್ತದೆ. ಕಾರಿನ ಬೆಲೆ 9 ಲಕ್ಷ, ಮೂರು ವರ್ಷದ ನಂತರ ಉಳಿಕೆ ಬೆಲೆ ಅರ್ಧ ಅಂದರೆ 4.5 ಲಕ್ಷ, ಬಡ್ಡಿ ವರ್ಷಕ್ಕೆ ನೂರಕ್ಕೆ 10 ಎಂದು ಇಟ್ಟುಕೊಳ್ಳೋಣ. ಸವಕಳಿಯ ಪಾಲು 4.5 ಲಕ್ಷವನ್ನು 36ರಿಂದ ಭಾಗಿಸಿದರೆ ತಿಂಗಳಿಗೆ 12,500. ಬಡ್ಡಿಯ ಪಾಲು ಬೆಲೆ ಮತ್ತು ಉಳಿಕೆಯ ಸರಾಸರಿ 6.75 ಲಕ್ಷದ ಮೇಲೆ, ತಿಂಗಳಿಗೆ 5,625. ಎರಡೂ ಸೇರಿ 18,125. ಇದರ ಮೇಲೆ ಶೇ 18 ಜಿಎಸ್‌ಟಿ ಬಿದ್ದರೆ 21,387. ಇನ್ಶೂರೆನ್ಸ್, ಸರ್ವಿಸ್, ಟೈರು ಇದರೊಳಗೆ ಬಂದಿಲ್ಲ. ಅದೇ 9 ಲಕ್ಷವನ್ನು ಶೇ 9ರ ಬಡ್ಡಿಗೆ ಐದು ವರ್ಷಕ್ಕೆ ಸಾಲ ತೆಗೆದರೆ ಕಂತು ಸುಮಾರು 18,700, ಕೊನೆಗೆ ಕಾರೂ ನಮ್ಮದೇ. ಹಾಗಾದರೆ ಲೀಸ್ ಯಾಕೆ?

ನನ್ನ ಪ್ರಕಾರ ಇದಕ್ಕೆ ಎರಡೇ ಗಟ್ಟಿ ಕಾರಣ. ಒಂದು, ಮೂರು ವರ್ಷಕ್ಕೆ ವರ್ಗಾವಣೆ ಆಗುವ ಕೆಲಸ, ಕಾರು ಮಾರುವ ತಲೆನೋವು ಬೇಡ. ಇನ್ನೊಂದು, ಆದಾಯ ತೆರಿಗೆ. ಕಂಪನಿಯೇ ಲೀಸ್ ಹಿಡಿದು ಸಂಬಳದಲ್ಲಿ ಬಾಡಿಗೆ ಕಳೆದರೆ ಆ ಹಣಕ್ಕೆ ತೆರಿಗೆ ಬೀಳುವ ಬದಲು, ಕಾರಿನ ಸೌಲಭ್ಯಕ್ಕೆ ನಿಯಮದಲ್ಲಿರುವ ಒಂದು ಸಣ್ಣ ಮೊತ್ತ ಮಾತ್ರ ಆದಾಯಕ್ಕೆ ಸೇರುತ್ತದೆ. ಆ ಮೊತ್ತ ಎಂಜಿನ್ 1.6 ಲೀಟರ್‌ವರೆಗೆ ಕಡಿಮೆ, ಮೇಲೆ ಹೆಚ್ಚು. ಸ್ವಂತ ವ್ಯವಹಾರ ಇರುವವರು ಬಾಡಿಗೆಯನ್ನು ಖರ್ಚಿಗೆ ಹಾಕಬಹುದು. ಆದರೆ ಅಡಿಕೆ ತೋಟದ ಆದಾಯವೇ ಮುಖ್ಯವಾದವರಿಗೆ ಉಳಿಸಲು ತೆರಿಗೆಯೇ ಇಲ್ಲ, ಕೃಷಿ ಆದಾಯಕ್ಕೆ ವಿನಾಯಿತಿ ಇದೆಯಲ್ಲ. ಅಂಥವರಿಗೆ ‘ಟ್ಯಾಕ್ಸ್ ಉಳಿಯುತ್ತೆ’ ಅಂತ ಯಾರಾದರೂ ಲೀಸ್ ಮಾರಲು ಬಂದರೆ ಕಾಫಿ ಕೊಟ್ಟು ಕಳಿಸಬಹುದು. ಜಿಎಸ್‌ಟಿ ಕ್ರೆಡಿಟ್, ಅಂದರೆ ಬಾಡಿಗೆಗೆ ಕಟ್ಟಿದ ಜಿಎಸ್‌ಟಿಯನ್ನು ವ್ಯಾಪಾರದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು, ಸಿಗುತ್ತದೆ ಎಂಬ ಮಾತೂ ಅಷ್ಟೇ. ಟ್ಯಾಕ್ಸಿ ಓಡಿಸುವವರು, ಡ್ರೈವಿಂಗ್ ಸ್ಕೂಲಿನವರು, ವಾಹನ ಮಾರುವವರನ್ನು ಬಿಟ್ಟರೆ ಸಾಮಾನ್ಯ ವ್ಯಾಪಾರಿಗೆ ಕಾರಿನ ಮೇಲಿನ ಕ್ರೆಡಿಟ್ ಕಾನೂನಿನಲ್ಲೇ ತಡೆದಿದ್ದಾರೆ.

ಬಾಡಿಗೆಯ ಮೇಲಿನ ಜಿಎಸ್‌ಟಿ ಕಾರಿನ ದರವನ್ನೇ ಹಿಂಬಾಲಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ ಉದ್ದ, 1,200 ಸಿಸಿವರೆಗಿನ ಪೆಟ್ರೋಲ್ ಅಥವಾ 1,500 ಸಿಸಿವರೆಗಿನ ಡೀಸೆಲ್ ಎಂಜಿನ್ ಇದ್ದರೆ ಶೇ 18, ದಾಟಿದರೆ ಶೇ 40, ಬ್ಯಾಟರಿ ಕಾರಿಗೆ ಶೇ 5. ನೋಡಲು ಒಂದೇ ಅಳತೆಯ ಎರಡು ಕಾರುಗಳಲ್ಲಿ ಇದು ಹೇಗೆ ಆಟ ಆಡುತ್ತದೆ ನೋಡಿ. ಬ್ರೆಝಾ ನಾಲ್ಕು ಮೀಟರ್ ಒಳಗೇ ಇದೆ, ಆದರೆ ಪೆಟ್ರೋಲ್ ಎಂಜಿನ್ 1,462 ಸಿಸಿ, ಹಾಗಾಗಿ ಶೇ 40. ನೆಕ್ಸಾನ್ ಪೆಟ್ರೋಲ್ 1,199, ಡೀಸೆಲ್ 1,497, ಎರಡೂ ಶೇ 18ರೊಳಗೆ. ಮೇಲಿನ 18,125ಕ್ಕೆ ಶೇ 40 ಹಾಕಿದರೆ 25,375 ಆಗುತ್ತದೆ. ತಿಂಗಳಿಗೆ ನಾಲ್ಕು ಸಾವಿರ ವ್ಯತ್ಯಾಸ ಬರೀ ಸಿಸಿಯಿಂದ.

ಕರಾರಿನಲ್ಲಿ ಮೊದಲು ಹುಡುಕಬೇಕಾದ್ದು ಉಳಿಕೆ ಬೆಲೆಯ ಹೊಣೆ ಯಾರದ್ದು ಎಂಬುದು. ಆಪರೇಟಿಂಗ್ ಲೀಸ್ ಆದರೆ ಕಂಪನಿಯದ್ದು, ನಾವು ಕೀ ಕೊಟ್ಟು ಬರಬಹುದು. ಫೈನಾನ್ಸ್ ಲೀಸ್ ಆದರೆ ಆ 4.5 ಲಕ್ಷಕ್ಕೆ ಕಡಿಮೆ ಬಂದದ್ದು ನಮ್ಮ ತಲೆಗೆ. ಬಾಡಿಗೆ ಅನುಮಾನ ಬರುವಷ್ಟು ಕಡಿಮೆ ಇದ್ದರೆ ಉಳಿಕೆ ಬೆಲೆಯನ್ನು ಉಬ್ಬಿಸಿದ್ದಾರಾ ಅಂತ ನೋಡಿ. ಎರಡನೆಯದು, ಮಧ್ಯದಲ್ಲಿ ಬಿಟ್ಟರೆ ಎಷ್ಟು. ಮೊದಲ ವರ್ಷ ಬಿಡಲೇ ಬಾರದು ಎಂಬ ಷರತ್ತು ಸಾಮಾನ್ಯ.

ಇನ್ನು ಕಾರು. ಮಲೆನಾಡಿನ ಮನೆಗಳಿಗೆ ಮುಖ್ಯ ಪ್ರಶ್ನೆ ಮೈಲೇಜ್ ಅಲ್ಲ, ಕಾರು ಅಂಗಳಕ್ಕೆ ಇಳಿಯುತ್ತದಾ ಎಂಬುದು. ಡಾಂಬರು ರಸ್ತೆಯಿಂದ ಮೋರಿ ದಾಟಿ ಇಳಿಯುವ ಜಾಗ, ಜಂಬಿಟ್ಟಿಗೆ ಮಣ್ಣಿನ ರಸ್ತೆಯಲ್ಲಿ ಟ್ರ್ಯಾಕ್ಟರ್ ಚಕ್ರ ಹೋಗಿ ಮಧ್ಯೆ ಎದ್ದು ನಿಂತ ದಿಬ್ಬ, ಈ ಎರಡು ಕಡೆ ಕಾರಿನ ಹೊಟ್ಟೆ ತಾಗುತ್ತದೆ. ಇದನ್ನು ಅಳೆಯಲು ಎರಡೂವರೆ ಮೀಟರ್ ಹುರಿ, ಒಂದು ಟೇಪು, ಹಿಡಿಯಲು ಇನ್ನೊಬ್ಬರು ಇದ್ದರೆ ಆಯಿತು. ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2.45 ಮೀಟರ್ ಆಜುಬಾಜು. ಹುರಿಯಲ್ಲಿ ಅಷ್ಟಕ್ಕೆ ಎರಡು ಗಂಟು ಹಾಕಿ, ಒಂದು ಗಂಟನ್ನು ಮೋರಿಯ ಆಚೆ, ಇನ್ನೊಂದನ್ನು ಈಚೆ, ಚಕ್ರ ಕೂರುವ ಜಾಗದಲ್ಲೇ, ನೆಲದಿಂದ 30 ಸೆಂ.ಮೀ. ಮೇಲೆ ಬಿಗಿಯಾಗಿ ಹಿಡಿಯಬೇಕು. ನಡುವೆ ಹುರಿಗೂ ದಿಬ್ಬದ ನೆತ್ತಿಗೂ ಇರುವ ಅಂತರ ಅಳೆದು 30ರಲ್ಲಿ ಕಳೆಯಿರಿ. ಅಂತರ 17 ಸೆಂ.ಮೀ. ಸಿಕ್ಕಿದರೆ ದಿಬ್ಬದ ಎತ್ತರ 13. ಹುರಿಯನ್ನು ಅರ್ಧರ್ಧ ಅಡಿ ಸರಿಸುತ್ತ ನಾಲ್ಕೈದು ಕಡೆ ಅಳೆಯಿರಿ, ಅತಿ ಹೆಚ್ಚು ಬಂದ ಎತ್ತರವೇ ಲೆಕ್ಕಕ್ಕೆ.

ಈಗ ಅದನ್ನು ಕಾರಿನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ಹೊಟ್ಟೆಗಿರುವ ಎತ್ತರದ ಜತೆ ಹೋಲಿಸಿ. ಕಂಪನಿ ಹೇಳುವುದು ಸಾಮಾನ್ಯವಾಗಿ ಖಾಲಿ ಕಾರಿನ ಎತ್ತರ, ಐದು ಜನ ಕೂತು ಡಿಕ್ಕಿ ತುಂಬಿದರೆ ಮೂರ್ನಾಲ್ಕು ಸೆಂ.ಮೀ. ಕೂರುತ್ತದೆ. ಸ್ವಿಫ್ಟ್, ಡಿಸೈರ್ 163 ಮಿ.ಮೀ., ನಾಲ್ಕು ಸೆಂ.ಮೀ. ಕಳೆದರೆ 123, ನಮ್ಮ 13 ಸೆಂ.ಮೀ. ದಿಬ್ಬಕ್ಕೆ ತಾಗುತ್ತದೆ. ಪಂಚ್ 187, ತುಂಬಿದಾಗ 147, ಒಂದೂವರೆ ಸೆಂ.ಮೀ. ಮಿಕ್ಕು ದಾಟುತ್ತದೆ. ನೆಕ್ಸಾನ್ 208, ಅದು ಆರಾಮು. ಆದರೆ ಇದರಲ್ಲಿ ಇನ್ನೊಂದು ದಾರಿಯಿದೆ, ಕಾರು ಬದಲಿಸುವ ಬದಲು ಎರಡು ಬುಟ್ಟಿ ಜಲ್ಲಿ ಹಾಕಿ ಚಕ್ರದ ಜಾಡನ್ನೇ ಎತ್ತರಿಸುವುದು. ನಾಲ್ಕು ಸೆಂ.ಮೀ. ಎತ್ತರಿಸಿದರೂ ಬಾಡಿಗೆಯಲ್ಲಿ ಸಾವಿರಗಟ್ಟಲೆ ಉಳಿಯಬಹುದು. ಮೊದಲ ದೊಡ್ಡ ಮಳೆಗೆ ಅದು ಕೊಚ್ಚಿ ಹೋಗದ ಹಾಗೆ ಮಾಡಿದರೆ ಮಾತ್ರ.

ಟೆಸ್ಟ್ ಡ್ರೈವನ್ನು ಶಿವಮೊಗ್ಗದ ಪೇಟೆಯೊಳಗೆ ಮಾಡಿ ಪ್ರಯೋಜನವಿಲ್ಲ. ಕಾರನ್ನು ಮನೆಗೇ ತರಿಸಿ, ನಾಲ್ಕು ಜನ ಕೂತು, ಏರಿನ ಅರ್ಧದಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ ಎಎಂಟಿ ಗೇರಿನ ಕಾರಾದರೆ ಬ್ರೇಕ್ ಬಿಟ್ಟ ಕೂಡಲೇ ಹಿಂದಕ್ಕೆ ಜಾರುತ್ತದಾ, ಜಾರದಂತೆ ತುಸು ಹೊತ್ತು ಹಿಡಿಯುವ ಹಿಲ್ ಹೋಲ್ಡ್ ಇದೆಯಾ ಎಂಬುದು ಅಲ್ಲೇ ಗೊತ್ತಾಗುತ್ತದೆ. ಆಗುಂಬೆಯ 14 ತಿರುವುಗಳಲ್ಲಿ ಮುಂದೆ ಬಸ್ಸು ನಿಂತರೆ ಇದೇ ಪರಿಸ್ಥಿತಿ. ಎಎಂಟಿಯಲ್ಲಿ ಒಳಗಿರುವುದು ಮಾಮೂಲಿ ಕ್ಲಚ್ಚೇ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದಿಟ್ಟರೆ ಅದು ಸುಡುತ್ತದೆ. ಕ್ಲಚ್ ಸವೆಯುವ ಭಾಗ ಎಂದು ವಾರಂಟಿಗೆ ಬರುವುದಿಲ್ಲ. ‘ಮೆಂಟೇನೆನ್ಸ್ ಸೇರಿದ ಲೀಸ್’ ಅನ್ನುವವರು ಕ್ಲಚ್, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಷ್, ಟೈರು ಈ ನಾಲ್ಕನ್ನು ಹೆಸರು ಹಿಡಿದು ಬರೆದುಕೊಟ್ಟರೆ ಮಾತ್ರ ನಂಬಿ. ಘಾಟಿ ಕಾರಿಗೆ ಬೀಳುವ ಖರ್ಚೇ ಇವು. ಟೈರಿನ ಗೀರುಗಳ ಆಳ 1.6 ಮಿ.ಮೀ.ಗೆ ಇಳಿಯುವವರೆಗೂ ಬದಲಿಸುವುದಿಲ್ಲ ಎಂದಿದ್ದರೆ ನಮ್ಮ ಜುಲೈ ತಿಂಗಳಿಗೆ ಅದು ಸಾಲದು, 3 ಮಿ.ಮೀ.ಗೇ ಬದಲಿಸಬೇಕು.

ಬ್ಯಾಟರಿ ಕಾರಿನ ಶೇ 5 ಜಿಎಸ್‌ಟಿ ನೋಡಿ ಆಸೆ ಹುಟ್ಟುವುದು ಸಹಜ. ಘಾಟಿ ಹತ್ತುವಾಗ ಬ್ಯಾಟರಿ ಖಾಲಿಯಾಗಿ ನಿಲ್ಲುತ್ತದೆ ಎಂಬ ಹೆದರಿಕೆ ಮಾತ್ರ ಅತಿಯಾದದ್ದು. ಒಂದೂವರೆ ಟನ್ ಕಾರನ್ನು 500 ಮೀಟರ್ ಎತ್ತರಕ್ಕೆ ಒಯ್ಯಲು ಬೇಕಾದದ್ದು ಸುಮಾರು ಎರಡು ಯೂನಿಟ್, ನಷ್ಟ ಸೇರಿಸಿದರೆ ಇನ್ನೊಂದರ್ಧ. ಇಳಿಯುವಾಗ ಅದರಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ನಿಜವಾದ ತೊಂದರೆ ಮನೆಯ ಕರೆಂಟಿನದ್ದು. 30 ಯೂನಿಟ್ ಬ್ಯಾಟರಿ 15 ಆಂಪಿಯರ್ ಸಾಕೆಟ್ಟಿನಲ್ಲಿ ತುಂಬಲು ಒಂಬತ್ತು ಹತ್ತು ಗಂಟೆ ಬೇಕು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಮೆಸ್ಕಾಂನವರು ಬರುವ ತನಕ ಎರಡು ದಿನ ಕತ್ತಲಾಗುವ ಒಂಟಿ ಮನೆಗಳಲ್ಲಿ ಇದು ಕಷ್ಟ. ಸಂಜೆ ಏಳಕ್ಕೆ, ಸುತ್ತಲಿನ ಎಲ್ಲರ ದೀಪ ಉರಿಯುವಾಗ, ಮಲ್ಟಿಮೀಟರ್ ಹಿಡಿದು ಸಾಕೆಟ್ಟಿನ ವೋಲ್ಟೇಜ್ ನೋಡಿ, 200ರ ಕೆಳಗಿದ್ದರೆ ಈ ಯೋಚನೆ ಸದ್ಯಕ್ಕೆ ಬಿಡಿ. ಶಿವಮೊಗ್ಗ, ಸಾಗರ ಪೇಟೆಯೊಳಗಿನವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಇನ್ಶೂರೆನ್ಸನ್ನು ಲೀಸ್ ಕಂಪನಿಯೇ ಮಾಡಿಸಿದರೂ ಪಾಲಿಸಿಯ ಪ್ರತಿ ತರಿಸಿಕೊಂಡು ಓದಿ. ಎಂಜಿನ್ ಪ್ರೊಟೆಕ್ಷನ್ ಇರಲೇಬೇಕು, ತುಂಬಿದ ಹಳ್ಳಕ್ಕೆ ಇಳಿಸಿ ಎಂಜಿನ್ನಿಗೆ ನೀರು ಹೊಕ್ಕರೆ ಸಾಮಾನ್ಯ ಪಾಲಿಸಿ ಕೈಬಿಡುತ್ತದೆ. ಕಲ್ಲು ಬಡಿದು ಆಯಿಲ್ ಸೋರುತ್ತಿದ್ದರೂ ಓಡಿಸಿಕೊಂಡು ಬಂದರೆ ಆಮೇಲಿನ ಹಾನಿಗೂ ಹಣ ಬರುವುದಿಲ್ಲ, ಇದ್ದಲ್ಲೇ ನಿಲ್ಲಿಸಿ ಎಳೆಸಬೇಕು. ಎಳೆಯುವ ಸೇವೆಗೆ ಕಿ.ಮೀ. ಮಿತಿ ಎಷ್ಟಿದೆ ನೋಡಿ, ಆಗುಂಬೆಯಿಂದ ಶಿವಮೊಗ್ಗಕ್ಕೆ ತೊಂಬತ್ತರ ಆಸುಪಾಸು. ಕಾರು ಪೂರ್ತಿ ಹೋದರೆ ಇನ್ಶೂರೆನ್ಸ್ ಕೊಡುವ ಮೊತ್ತಕ್ಕೂ ಲೀಸ್ ಬಾಕಿಗೂ ನಡುವಿನ ಅಂತರ ನಮ್ಮದಾಗದಂತೆ, ಕಾರಿನ ಬಿಲ್ ಮೊತ್ತವನ್ನೇ ಕೊಡುವ ರಿಟರ್ನ್ ಟು ಇನ್‌ವಾಯ್ಸ್ ಇರಲಿ. ಇಲಿ ವೈರ್ ಕಡಿದರೆ ಯಾರು ಕೊಡುತ್ತಾರೆ ಎಂಬುದನ್ನು ಬರಹದಲ್ಲಿ ಕೇಳಿ. ಕೊಟ್ಟಿಗೆ ಪಕ್ಕ ಕಾರು ನಿಲ್ಲಿಸುವವರಿಗೆ ಇದು ತಮಾಷೆಯಲ್ಲ.

ನಂಬರ್ ಪ್ಲೇಟ್ ಯಾವುದು ಅಂತಲೂ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆಗೆ ಕೊಡುವ ವಾಣಿಜ್ಯ ವಾಹನ, ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್), ಪರ್ಮಿಟ್ ಎಲ್ಲ ಬೇಕು. ಗೋವಾ, ಕೇರಳಕ್ಕೆ ಹೋಗುವವರು ಅಲ್ಲಿನ ತೆರಿಗೆ ಯಾರು ಕಟ್ಟುತ್ತಾರೆ ಅಂತ ಕೇಳಿಕೊಳ್ಳಬೇಕು. ಬಿಳಿ ಹಲಗೆ ಕೇಳುವುದೇ ವಾಸಿ. ಹೊರ ರಾಜ್ಯದ ನೋಂದಣಿಯಾದರೆ ಬಾಡಿಗೆ ಕಡಿಮೆ ಕಾಣಬಹುದು, ಆದರೆ ಕರ್ನಾಟಕದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಇಲ್ಲಿನ ಜೀವಿತಾವಧಿ ತೆರಿಗೆ ಕಟ್ಟಬೇಕು. ಆರ್‌ಸಿ ಯಾರ ಹೆಸರಲ್ಲೇ ಇರಲಿ, ಮೋಟಾರು ವಾಹನ ಕಾಯ್ದೆಯ ಪ್ರಕಾರ ಲೀಸ್ ಕರಾರಿನ ಮೇಲೆ ಕಾರನ್ನು ವಶದಲ್ಲಿಟ್ಟುಕೊಂಡವರೇ ಮಾಲೀಕರು.

ವಾಪಸ್ ಕೊಡುವ ದಿನದ ತಪಾಸಣೆಗೆ ಕಾರು ಮನೆಗೆ ಬಂದ ದಿನವೇ ತಯಾರಿ ಶುರು. ನಾಲ್ಕು ಬದಿ, ಅಡಿಭಾಗ, ಡಿಕ್ಕಿ, ಸೀಟು, ಚಾವಣಿ ಬಟ್ಟೆ, ನಾಲ್ಕು ರಿಮ್, ಮೀಟರ್, ಎಲ್ಲವನ್ನೂ ತಾರೀಕು ಬೀಳುವಂತೆ ಫೋಟೊ ತೆಗೆದು ಕಂಪನಿಗೆ ಇಮೇಲ್ ಮಾಡಿ. ಡಿಕ್ಕಿಗೆ ಅಂಚು ಎದ್ದಿರುವ ರಬ್ಬರ್ ಹಾಸು ಹಾಕಿ. ಅಡಿಕೆ ಬೇಯಿಸಿದ ಕೆಂಪು ನೀರು, ಅಂದರೆ ಚೊಗರಿನ ಡಬ್ಬಿ ಒಮ್ಮೆ ಮಗುಚಿದರೆ ಕಾರ್ಪೆಟ್‌ಗೆ ಹತ್ತಿದ ಕೆಂಪು ಯಾವ ಸೋಪಿಗೂ ಹೋಗುವುದಿಲ್ಲ, ಪೂರ್ತಿ ಕಾರ್ಪೆಟ್ಟಿನ ಬಿಲ್ ಬರುತ್ತದೆ. ಕಿರಿದಾದ ದಾರಿಯಲ್ಲಿ ಲಂಟಾನ ಮುಳ್ಳು ಬಾಗಿಲ ಮೇಲೆ ಎಳೆಯುವ ಗೆರೆಗಳಿಗೆ ವರ್ಷಕ್ಕೆರಡು ಸಲ ಪೊದೆ ಸವರುವುದೇ ಮದ್ದು. ಮಳೆಗಾಲದಲ್ಲಿ ಸೀಟಿಗೆ ಬೂಷ್ಟು ಹಿಡಿಯದಂತೆ ಬಿಸಿಲು ಕಂಡಾಗೆಲ್ಲ ಬಾಗಿಲು ತೆರೆದಿಡಿ, ನೆಲದ ಹಾಸನ್ನು ಹೊರಗೆ ಒಣಹಾಕಿ. ಕ್ಯಾರಿಯರ್ ಕೂರಿಸಲು ತೂತು ಕೊರೆಯುವುದು ಬೇಡವೇ ಬೇಡ.

ಇನ್ನೊಂದು ಸಣ್ಣ ಚೌಕಾಸಿ. ಕರಾರು 36 ತಿಂಗಳಾದರೆ ಶುರುವಾದ ತಿಂಗಳಲ್ಲೇ ಮುಗಿಯುತ್ತದೆ. ಜೂನ್‌ನಲ್ಲಿ ತೆಗೆದುಕೊಂಡರೆ ಕೆಸರು ಮೆತ್ತಿಕೊಂಡ ಚಕ್ರದ ಗೂಡು, ತೇವ ಆರದ ಕಾರ್ಪೆಟ್ ಇಟ್ಟುಕೊಂಡು ಜೂನ್‌ನಲ್ಲೇ ವಾಪಸ್ ಕೊಡಬೇಕು. ಡೆಲಿವರಿಯನ್ನು ಫೆಬ್ರುವರಿ ಅಥವಾ ಮಾರ್ಚಿಗೆ ಕೇಳಿ.