ಕರೆಂಟ್ ಓವನ್‌ನಲ್ಲೂ ಕಾಂಗ್ರೆಸ್ ಕಡಲೇಬೀಜ ಆಗುತ್ತದೆ

ಸೌದೆ ಭಟ್ಟಿ ತೆಗೆಸಿದರೆ ನಿಮ್ಮ ಕಾಂಗ್ರೆಸ್ ಕಡಲೇಬೀಜದ ಕತೆ ಮುಗೀತು ಅಂದವರೇ ಹೆಚ್ಚು. 1969ರಲ್ಲಿ ಕಾಂಗ್ರೆಸ್ ಪಕ್ಷ ಒಡೆದು ಎರಡಾದಾಗ, ಮಸಾಲೆ ಹಚ್ಚಿದ ಈ ಹೋಳುಬೀಜಕ್ಕೆ ಆ ಹೆಸರು ಬಿತ್ತೆಂದು ಬೆಂಗಳೂರಿನ ಬೇಕರಿಯವರು ಹೇಳುತ್ತಾರೆ, ಇರಲಿ. ತಾತನ ಕಾಲದಿಂದ ನಮ್ಮ ಮನೆ ಸರಕಿಗೆ ರುಚಿ ಕೊಟ್ಟಿದ್ದು ಬ್ರೆಡ್ ತೆಗೆದ ಮೇಲೆ ಭಟ್ಟಿಯಲ್ಲಿ ಉಳಿಯುವ ಇಳಿಶಾಖ.

ಟ್ರೇಗಳು ಒಳಗೇ ತಿರುಗುವ ಈ ಕರೆಂಟಿನ ರೋಟರಿ ಓವನ್ ತಾನಾಗಿ ಶಾಖ ಇಳಿಸುವುದಿಲ್ಲ. 180 ಡಿಗ್ರಿಗಿಟ್ಟರೆ ಹೊರಗೆ ಕಂದು, ಒಳಗೆ ಹಸಿ. 140ಕ್ಕೇ ಬಿಟ್ಟರೆ ಬೀಜ ಒಣಗುತ್ತದೆ, ಹುರಿದ ಘಮ ಬರುವುದಿಲ್ಲ. ಕೊನೆಗೆ ಕೈಹಿಡಿದಿದ್ದು ಇದು: 165ರಲ್ಲಿ ಹತ್ತು ನಿಮಿಷ, 150ರಲ್ಲಿ ಹದಿನೈದು, ಆಮೇಲೆ ಸ್ವಿಚ್ ಆರಿಸಿ ಬಾಗಿಲು ಮುಚ್ಚಿಯೇ ಇನ್ನೊಂದು ಹತ್ತು. ಟ್ರೇಗೆ ಎರಡೂವರೆ ಕಿಲೋ ಮೀರಬಾರದು, ಮೀರಿದರೆ ನಡುವಿನದು ಬೇಯುವುದಿಲ್ಲ. ಜೊಳ್ಳು, ಬಣ್ಣಗೆಟ್ಟ, ಬೂಷ್ಟು ಹಿಡಿದ ಬೀಜ ಮೊದಲೇ ಆರಿಸಿ ಬಿಸಾಡಿ. ಬೂಷ್ಟಿನ ವಿಷ ಹುರಿದರೆ ಹೋಗದು.

ಪೂರ್ತಿ ಆರಿದ ಮೇಲೇ ಉಜ್ಜಿ ಮೊರದಲ್ಲಿ ಕೇರಿ. ಬಿಸಿಯಲ್ಲಿ ಉಜ್ಜಿದರೆ ಹೋಳಾಗುವ ಬದಲು ನುಚ್ಚಾಗುತ್ತದೆ. ಮೂತಿಯ ಮೊಳಕೆ ಜರಡಿಯಲ್ಲಿ ಇಳಿದುಹೋಗಲಿ, ಕಹಿ ಅದರದ್ದೇ. ಹತ್ತು ಕಿಲೋ ಹಾಕಿದರೆ ಕೈಗೆ ಒಂಬತ್ತಕ್ಕಿಂತ ಚೂರು ಕಡಿಮೆ ಸಿಗುತ್ತದೆ. ಲೆಕ್ಕ ತಪ್ಪುವುದು ಇಲ್ಲೇ.

ಅಷ್ಟು ಹೋಳಿಗೆ ಎಣ್ಣೆ ಮುನ್ನೂರೈವತ್ತು ಎಂಎಲ್, ನುಣ್ಣಗೆ ಅರೆದ ಉಪ್ಪು 160 ಗ್ರಾಂ, ಖಾರದಪುಡಿ 90, ಕಾಳುಮೆಣಸಿನಪುಡಿ ಅರವತ್ತರ ಹತ್ತಿರ, ಅರಿಶಿನ 15. ಹರಳುಪ್ಪು ಪ್ಯಾಕೆಟ್ಟಿನ ತಳ ಸೇರುತ್ತದೆ. ಕರಿಬೇವು ಎಣ್ಣೆಯಲ್ಲಿ ಸದ್ದು ನಿಲ್ಲುವವರೆಗೆ ಕರಿಯಬೇಕು. ತೇವ ಉಳಿದರೆ ನಾಲ್ಕೇ ದಿನಕ್ಕೆ ಬೀಜ ಮೆತ್ತಗೆ. ಇಂಗು ಎಷ್ಟು, ಯಾವಾಗ ಅನ್ನೋದು ನಮ್ಮಲ್ಲೇ ಇರಲಿ. ಮಸಾಲೆ ಕಲಸಿ ಮತ್ತೆ 110ರಲ್ಲಿ ಎಂಟು ನಿಮಿಷ ಇಟ್ಟರೆ ಅಂಟಿಕೊಳ್ಳುತ್ತದೆ. ಕರಿಯದಿದ್ದರೆ ಖಾರ ನಿಲ್ಲಲ್ಲ ಅಂದವರು ಈಗ ಇದನ್ನೇ ಕೇಳಿಕೊಂಡು ಬರುತ್ತಾರೆ.

ಬೀಜ ಕಿಲೋ 120ರ ಆಸುಪಾಸಿದ್ದಾಗ ಕೂಲಿ, ಕರೆಂಟು ಎಲ್ಲ ಸೇರಿ ಅಸಲು 190 ಮುಟ್ಟುತ್ತದೆ. ಸಾದಾ ಪ್ಲಾಸ್ಟಿಕ್ ಕವರ್ ಅಗ್ಗ, ಆದರೆ ಮೂರು ವಾರದೊಳಗೆ ಕಮಟು. ಬೆಳ್ಳಿ ಬಣ್ಣದ ಪೌಚೇ ಸರಿ. ಪ್ರಿಂಟ್ ಮಾಡಿಸಲು ಹೋದರೆ ಒಂದೊಂದು ಬಣ್ಣಕ್ಕೂ ಅಚ್ಚಿನ ಸಿಲಿಂಡರ್ ಚಾರ್ಜು; ಸಣ್ಣವರಿಗೆ ಖಾಲಿ ಪೌಚಿನ ಮೇಲೆ ಲೇಬಲ್ ಸಾಕು.

ಗೋಡಂಬಿ ಹೋಳಿಗೂ ಈ ಕ್ರಮ ನಡೆಯುತ್ತದೆ, 140ರಿಂದ ಶುರು ಮಾಡಬೇಕು, ಬೇಗ ಸೀಯುತ್ತದೆ. ರುಚಿ ಚೆನ್ನಾಗಿದೆ, ಆದರೆ ಆ ರೇಟಿಗೆ ಬೇಕರಿ ಕೌಂಟರಿನಲ್ಲಿ ಕೊಳ್ಳುವವರಿಲ್ಲ.