ಮುಟ್ಟಿ ನೋಡದೆ ಚಾಕು ಕೊಳ್ಳುವಾಗ

ಇಲ್ಲಿ ದಾವಣಗೆರೆಯ ಹಳೇಪೇಟೆ ಕಡೆ ಪಾತ್ರೆ ಅಂಗಡಿಗೆ ಹೋದರೆ ಚಾಕುವಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಕೇಳುವುದೆಲ್ಲ ಕೈಯೇ ಕೇಳಿಬಿಡುತ್ತದೆ. ಹಿಡಿ ಮುಷ್ಟಿಯಲ್ಲಿ ಕೂರುತ್ತದೋ ಇಲ್ಲವೋ, ಭಾರ ಅಲಗಿನ ಕಡೆ ಇದೆಯೋ ಹಿಡಿಯ ಕಡೆಯೋ, ಹಿಡಿ ಸೇರುವ ಜಾಗದಲ್ಲಿ ಸಂದು ಬಿಟ್ಟಿದೆಯೋ, ಎಲ್ಲ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಹೊಂದದಿದ್ದರೆ ‘ಬೇರೆದು ತೋರ್ಸಪ್ಪ’ ಅಂದರಾಯಿತು. ಫೋನಿನಲ್ಲಿ ಕೊಳ್ಳುವಾಗ ಕೈಗೆ ಕೆಲಸವೇ ಇಲ್ಲ. ಹಾಗಾಗಿ ಆನ್‌ಲೈನ್ ಚಾಕು ಅಂಗಡಿಯನ್ನು ನಾನು ಅಳೆಯುವ ಅಳತೆ ಒಂದೇ: ನನ್ನ ಕೈ ಕೇಳಬಹುದಾಗಿದ್ದ ಪ್ರಶ್ನೆಗೆಲ್ಲ ಅವನು ಮೊದಲೇ ಉತ್ತರ ಬರೆದಿಟ್ಟಿದ್ದಾನೋ ಇಲ್ಲವೋ. ನಮ್ಮ ಸೊಸೆಗೂ ಇದನ್ನೇ ಹೇಳಿದ್ದೇನೆ, ಹಾಸ್ಟೆಲ್ ಬಿಟ್ಟು ರೂಮು ಮಾಡಿಕೊಂಡು ಅಡುಗೆ ಶುರುಮಾಡಿದ ಕಾಲೇಜು ಹುಡುಗರಿಗೂ ಇದನ್ನೇ.

ಮೊದಲು ಅಳತೆ, ತೂಕ. ಅಲಗಿನ ಉದ್ದ ಬೇರೆ, ಹಿಡಿ ಸೇರಿಸಿದ ಉದ್ದ ಬೇರೆ. ಬರೀ ‘13 ಇಂಚು’ ಅಂತ ಬರೆದು ಯಾವುದರ ಉದ್ದ ಅಂತ ಹೇಳದವನು ಅಲ್ಲೇ ಜಾರಿಕೊಂಡ ಅಂತ ಅರ್ಥ. ಗ್ರಾಂ ಲೆಕ್ಕದಲ್ಲಿ ತೂಕ ಇರಬೇಕು. 8 ಇಂಚು ಅಲಗಿನ ಜರ್ಮನ್ ಮಾದರಿಯ ಚಾಕು ಸಾಮಾನ್ಯವಾಗಿ 200 ಗ್ರಾಂ ಆಚೀಚೆ ತೂಗುತ್ತದೆ, ಜಪಾನಿ ಮಾದರಿಯದು ಅದಕ್ಕಿಂತ ಹಗುರ. ಕೈಬೆರಳಿನ ಗೆಣ್ಣು ನೋವಿರುವ ನನ್ನಂಥವರಿಗೆ ಈ ವ್ಯತ್ಯಾಸ ದೊಡ್ಡದು. ಅಲಗಿನ ಉಕ್ಕು ಹಿಡಿಯೊಳಗೆ ಕೊನೆಯವರೆಗೂ ಹೋಗಿದೆಯೋ ಅರ್ಧಕ್ಕೇ ನಿಂತಿದೆಯೋ ಅನ್ನುವುದನ್ನೂ ಬರೆದಿರಬೇಕು. ಕೊನೆಯವರೆಗೂ ಹೋದದ್ದನ್ನು ‘ಫುಲ್ ಟ್ಯಾಂಗ್’ ಅನ್ನುತ್ತಾರೆ. ಕುಂಬಳಕಾಯಿ, ಸುವರ್ಣಗಡ್ಡೆಗೆ ಒತ್ತು ಕೊಟ್ಟಾಗ ಹಿಡಿ ಕಳಚಿ ಬರುವುದು ಅರ್ಧಕ್ಕೆ ನಿಂತ ಅಗ್ಗದ ಚಾಕುಗಳಲ್ಲೇ ಹೆಚ್ಚು.

ಆಮೇಲೆ ಉಕ್ಕು. ಇಲ್ಲಿ ಸ್ವಲ್ಪ ನಿಂತು ಓದಬೇಕು, ಯಾಕೆಂದರೆ ಮೋಸವೂ ಇಲ್ಲೇ, ವಿಷಯವೂ ಇಲ್ಲೇ. ‘ಪ್ರೀಮಿಯಂ ಸ್ಟೀಲ್’, ‘ಹೈ ಕಾರ್ಬನ್ ಸ್ಟೀಲ್’ ಅನ್ನುವುದು ಏನನ್ನೂ ಹೇಳುವುದಿಲ್ಲ. ಒಳ್ಳೆಯ ಮಾರಾಟಗಾರ ಉಕ್ಕಿನ ಹೆಸರನ್ನೇ ಬರೆಯುತ್ತಾನೆ. ಜರ್ಮನ್ ಚಾಕುಗಳಲ್ಲಿ 1.4116 ಅನ್ನುವ ಸಂಖ್ಯೆ ಕಾಣುತ್ತದೆ. ಅದರಲ್ಲಿ ಇಂಗಾಲ ಸುಮಾರು ಅರ್ಧ ಶೇಕಡಾ, ಕ್ರೋಮಿಯಂ ಸುಮಾರು ಶೇ. 15. ಕ್ರೋಮಿಯಂ ಶೇ. 10.5 ದಾಟಿದರೆ ಸ್ಟೇನ್‌ಲೆಸ್ ಅನ್ನುವ ಹೆಸರು ಬರುತ್ತದೆ, ತುಕ್ಕು ಬೇಗ ಹತ್ತುವುದಿಲ್ಲ. ಜಪಾನಿನ ಚಾಕುಗಳಲ್ಲಿ ವಿಜಿ-10 ಅಂತ ಇರುತ್ತದೆ, ಅದರಲ್ಲಿ ಇಂಗಾಲ ಜಾಸ್ತಿ, ಹಾಗಾಗಿ ಹೆಚ್ಚು ಗಡಸು. ಉಕ್ಕಿನ ಹೆಸರಿನ ಪಕ್ಕದಲ್ಲೇ ಗಡಸುತನದ ಅಂಕಿ ಬೇಕು, ಅದನ್ನು ಎಚ್‌ಆರ್‌ಸಿ ಅಂತ ಬರೆಯುತ್ತಾರೆ. ನಮ್ಮ ಕಮ್ಮಾರರು ಕೆಂಪಗೆ ಕಾಯಿಸಿ ನೀರಿಗಿಟ್ಟು ಹದ ಮಾಡುತ್ತಿದ್ದರಲ್ಲ, ಆ ಹದ ಎಷ್ಟು ಬಂದಿದೆ ಅನ್ನುವುದರ ಲೆಕ್ಕ ಅದು. ಜರ್ಮನ್ ಮಾದರಿಯವು 56ರಿಂದ 58, ಜಪಾನಿಯವು 60 ಮತ್ತು ಮೇಲೆ. 52ರ ಹತ್ತಿರ ಇದ್ದರೆ ಬೇಗ ಮೊಂಡಾಗುತ್ತದೆ, ಮಸೆಯುವುದೇ ಕೆಲಸ.

ಅಂಕಿ ದೊಡ್ಡದಾದಷ್ಟೂ ಒಳ್ಳೆಯದು ಅಂತ ಹುಡುಗರು ತಿಳಿದಿರುತ್ತಾರೆ. ಹಾಗಿಲ್ಲ. 60ರ ಉಕ್ಕು ಈರುಳ್ಳಿಯನ್ನು ಕೂದಲೆಳೆಯಂತೆ ಹೆಚ್ಚುತ್ತದೆ, ಬಾಯಿ, ಅಂದರೆ ಹರಿತದ ಅಂಚು, ಬಹಳ ದಿನ ನಿಲ್ಲುತ್ತದೆ, ಸರಿ. ಆದರೆ ಅದು ಬಾಗುವ ಜಾತಿಯದಲ್ಲ, ಚಕ್ಕೆ ಏಳುವ ಜಾತಿ. ಕೊಬ್ಬರಿ ಚಿಪ್ಪಿಗೆ, ಕೋಳಿ ಮೂಳೆಗೆ, ಕಬ್ಬಿನ ಗೆಣ್ಣಿಗೆ ತಾಕಿದರೆ ಬಾಯಿ ಮುರಿಯುತ್ತದೆ. ಸ್ಟೇನ್‌ಲೆಸ್ ಅಲ್ಲದ ಕಾರ್ಬನ್ ಉಕ್ಕಿನದಾದರೆ ನಿಂಬೆಹಣ್ಣು, ಮಾವಿನಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಕಪ್ಪಾಗಿ ತುಕ್ಕು ಹಿಡಿಯುತ್ತದೆ. ನಮ್ಮ ಮನೆಗಳಲ್ಲಿ ಒಂದೇ ಚಾಕು ಮಂಡಕ್ಕಿಗೆ ಈರುಳ್ಳಿ ಟೊಮೆಟೊ ಸಣ್ಣಗೆ ಹೆಚ್ಚಬೇಕು, ಮಿರ್ಚಿ ಬಜ್ಜಿಗೆ ಮೆಣಸಿನಕಾಯಿ ಸೀಳಬೇಕು, ಬೆಲ್ಲದ ಅಚ್ಚು ಕೆರೆಯಬೇಕು, ಯಾರಾದರೂ ಹಾಲಿನ ಪ್ಯಾಕೆಟ್ಟಿಗೂ ಎತ್ತಿಕೊಳ್ಳುತ್ತಾರೆ. ಅಂಥ ಮನೆಗೆ 56ರದ್ದೇ ಲೇಸು. ಬೆಲ್ಲ, ಕಾಯಿ, ಹಲಸಿಗೆ ಈಳಿಗೆ ಮಣೆ ಮತ್ತು ಮಚ್ಚು ಇದ್ದೇ ಇವೆಯಲ್ಲ, ಅವನ್ನು ಅಟ್ಟಕ್ಕೆ ಹಾಕಬೇಡಿ.

ಇದರಿಂದಲೇ ಅಂಗಡಿಯನ್ನು ಪರೀಕ್ಷಿಸುವ ಒಂದು ಉಪಾಯ ಸಿಗುತ್ತದೆ. ಕೊಳ್ಳುವ ಮುಂಚೆ ಅವರಿಗೆ ಒಂದು ಪ್ರಶ್ನೆ ಕಳಿಸಿ: ‘ಇದರಲ್ಲಿ ಕೋಳಿ ಮೂಳೆ ಕಡಿಯಬಹುದಾ?’ ತೆಳ್ಳನೆ ಚಾಕುವಿಗೆ ‘ಬೇಡಮ್ಮ, ಅದಕ್ಕೆ ಬೇರೆ ದಪ್ಪನೆಯದು ತಗೊಳ್ಳಿ’ ಅಂದವನು ಚಾಕು ಬಲ್ಲವನು. ‘ಎಲ್ಲ ಕಟ್ ಆಗುತ್ತೆ ಮೇಡಂ’ ಅಂದವನಿಗೆ ಮಾಲು ಖಾಲಿಯಾದರೆ ಸಾಕು. ಉತ್ತರವೇ ಬರದಿದ್ದರೆ ದೂರು ಹೇಳಿದಾಗಲೂ ಬರುವುದಿಲ್ಲ ಅಂತ ತಿಳಿಯಿರಿ.

ಫೋಟೊ ವಿಷಯ. ಪಕ್ಕದಿಂದ ತೆಗೆದ ಹೊಳೆಯುವ ಚಿತ್ರ ಎಲ್ಲರೂ ಹಾಕುತ್ತಾರೆ. ನಮಗೆ ಬೇಕಾದದ್ದು ಅಲಗಿನ ಬೆನ್ನು ಮೇಲಿನಿಂದ ಎಷ್ಟು ದಪ್ಪ ಕಾಣುತ್ತದೆ, ಬಾಯಿಯ ಹತ್ತಿರ ಎಷ್ಟು ತೆಳುವಾಗಿದೆ ಅನ್ನುವ ಚಿತ್ರ. ಕ್ಯಾರೆಟ್ ಹೆಚ್ಚುವಾಗ ಟಪ್ಪೆಂದು ಸೀಳಿಹೋಗುವುದು ಬಾಯಿಯ ಹಿಂದೆ ದಪ್ಪ ಬಿಟ್ಟ ಚಾಕುವಿನಲ್ಲಿ, ಅದು ಎಷ್ಟೇ ಹರಿತವಿರಲಿ. ಅಲೆಯಲೆಯಾದ ಡಮಾಸ್ಕಸ್ ಚಿತ್ತಾರಕ್ಕೆ ಮರುಳಾಗಬೇಡಿ. ನಿಜವಾದದ್ದು ಪದರ ಪದರ ಉಕ್ಕು ಬೆಸೆದು ಬರುವಂಥದ್ದು. ಅಗ್ಗದ್ದರಲ್ಲಿ ಲೇಸರಿನಿಂದ ಮೇಲೆ ಗೀಚಿರುತ್ತಾರೆ, ಕೆಲವು ತಿಂಗಳು ಉಜ್ಜಿದರೆ ಮಾಸುತ್ತದೆ. ‘ಜರ್ಮನ್ ಸ್ಟೀಲ್’ ಅಂದರೂ ಅಷ್ಟೆ, ಉಕ್ಕು ಅಲ್ಲಿಯದಿದ್ದು ಚಾಕು ಬೇರೆ ದೇಶದ್ದಿರಬಹುದು. ಯಾವ ದೇಶದಲ್ಲಿ ತಯಾರಾಯಿತು ಅನ್ನುವುದನ್ನು ತೋರಿಸಲೇಬೇಕು ಅಂತ ನಿಯಮವಿದೆ, ಆ ಸಾಲನ್ನು ಹುಡುಕಿ ಓದಿ. ಜರ್ಮನಿಯಲ್ಲಿ ಜೋಲಿಂಗನ್ ಅನ್ನುವ ಚಾಕುವಿನ ಊರಿದೆ. ಆ ಊರ ಹೆಸರನ್ನು ಕಂಡಕಂಡವರು ಅಲಗಿನ ಮೇಲೆ ಒತ್ತದಂತೆ ಅಲ್ಲಿ ಕಾನೂನೇ ಇದೆ.

ಹನ್ನೆರಡು ಚಾಕು, ಮರದ ಗೂಡು, ಕತ್ತರಿ ಸೇರಿ 4,999ರದ್ದು 799ಕ್ಕೆ ಅಂತ ಬರುತ್ತದಲ್ಲ, ಅದರ ತಂಟೆಗೆ ಹೋಗಬೇಡಿ. ಮನೆಗೆ ಬೇಕಾದದ್ದು 7–8 ಇಂಚಿನದೊಂದು, ಸಿಪ್ಪೆ ಹೆರೆಯಲು ಮೂರೂವರೆ ಇಂಚಿನ ಸಣ್ಣದೊಂದು, ಬ್ರೆಡ್ಡು ಟೊಮೆಟೊಗೆ ಗರಗಸದ ಹಲ್ಲಿನದೊಂದು. ಬಿಡಿಬಿಡಿಯಾಗಿ ಮಾರುವ ಅಂಗಡಿಯೇ ನಂಬಿಕೆಗೆ ಹತ್ತಿರ. ಅಡುಗೆ ಚಾಕುವಿನ ಪಕ್ಕದಲ್ಲೇ ಕಠಾರಿ, ಗುಂಡಿ ಒತ್ತಿದರೆ ಚಿಮ್ಮುವ ಚಾಕು ಜೋಡಿಸಿಟ್ಟ ಕಡೆ ನಾನು ನಿಲ್ಲುವುದಿಲ್ಲ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರಾಸ್ತ್ರ ನಿಯಮದ ಪಟ್ಟಿಯಲ್ಲಿದೆ. ಮನೆಗೆಲಸಕ್ಕೆ, ಬೇಸಾಯಕ್ಕೆ ಅಂತಲೇ ಮಾಡಿದ್ದಕ್ಕೆ ವಿನಾಯಿತಿ ಇದೆ, ಆ ಭಯ ನಮಗೆ ಬೇಡ.

ನಮ್ಮ ನೆಂಟರ ಹುಡುಗಿಯೊಬ್ಬಳು ತರಿಸಿದ ಚಾಕುವಿನ ತುದಿ ಬರುವಾಗಲೇ ಬಾಗಿತ್ತು. ಅಲಗಿಗೆ ರಟ್ಟಿನ ಒರೆ ಕೂಡ ಇಲ್ಲದೆ ಬರೀ ಪ್ಲಾಸ್ಟಿಕ್ ಚೀಲದಲ್ಲಿ ಕಳಿಸಿದ್ದರು. ಫೋನು ಮಾಡಿದರೆ ‘ಚೂಪಾದ ವಸ್ತು ವಾಪಸ್ ಇಲ್ಲ’ ಅಂದರಂತೆ. ಹಾಗನ್ನುವಂತಿಲ್ಲ ನೋಡ್ರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೋಷವಿರುವ ಮಾಲನ್ನು, ಬರೆದ ಗುಣ ಇಲ್ಲದ ಮಾಲನ್ನು ವಾಪಸ್ ತೆಗೆದುಕೊಳ್ಳಲೇಬೇಕು. ದೂರು ಕೇಳುವ ಅಧಿಕಾರಿಯ ಹೆಸರು, ನಂಬರು ಪ್ರಕಟಿಸಬೇಕು, 48 ಗಂಟೆಯೊಳಗೆ ದೂರು ತಲುಪಿತು ಅನ್ನಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಆಗದಿದ್ದರೆ 1915ಕ್ಕೆ ಫೋನು ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಉಕ್ಕಿನ ಹೆಸರು, ಗಡಸುತನದ ಅಂಕಿ ಬರೆದಿರಬೇಕು ಅಂತ ನಾನು ಹಟ ಹಿಡಿಯುವುದೂ ಇದಕ್ಕೇ. ಬರೆದದ್ದಿದ್ದರೆ ‘ನೀನು ಹೇಳಿದ್ದು ಇದು, ಕೊಟ್ಟದ್ದು ಇದು’ ಅನ್ನಬಹುದು. ‘ಪ್ರೀಮಿಯಂ’ ಅಂದಿದ್ದರೆ ಹಿಡಿದು ಕೇಳುವುದೇನನ್ನು? ಆರ್ಡರ್ ಮಾಡಿದ ದಿನವೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ಪಾರ್ಸೆಲ್ ಬಿಚ್ಚುವಾಗ ಮಕ್ಕಳಿಂದ ವಿಡಿಯೊ ಮಾಡಿಸಿ.

ಕೊನೆಗೆ ಮಸೆಯುವ ವಿಚಾರ. ಬಾಯಿಯನ್ನು ಒಂದೊಂದು ಕಡೆ ಎಷ್ಟು ಡಿಗ್ರಿಗೆ ಮಸೆದಿದ್ದೇವೆ ಅಂತ ಒಳ್ಳೆಯ ಅಂಗಡಿಯವನು ತಾನೇ ಹೇಳುತ್ತಾನೆ, ಜಪಾನಿಯದಕ್ಕೆ 15ರ ಸುಮಾರು, ಜರ್ಮನ್‌ದಕ್ಕೆ ಸ್ವಲ್ಪ ಹೆಚ್ಚು. ಸಾಣೆಕಲ್ಲನ್ನೂ ಮಾರುತ್ತಾನೆ, ಕೆಲವರು ಕೊರಿಯರಿನಲ್ಲಿ ತರಿಸಿಕೊಂಡು ಮಸೆದೂ ಕೊಡುತ್ತಾರೆ. ಬೀದಿಯಲ್ಲಿ ಸೈಕಲ್ ಮೇಲೆ ಬರುವ ಸಾಣೆಯವನಿಗೆ ಈಳಿಗೆ, ಕುಡುಗೋಲು ಧಾರಾಳವಾಗಿ ಕೊಡಿ. ದುಬಾರಿ ಚಾಕು ಮಾತ್ರ ಬೇಡ, ಒಣ ಚಕ್ರಕ್ಕೆ ಕಿಡಿ ಹಾರುವಷ್ಟು ಕಾದರೆ ತೆಳ್ಳನೆ ಬಾಯಿಯ ಹದ ಹೋಗಿಬಿಡುತ್ತದೆ. ಮನೆಯಲ್ಲೇ 1000 ಗ್ರಿಟ್ಟಿನ (ಕಲ್ಲು ಎಷ್ಟು ನುಣುಪು ಅನ್ನುವ ಅಂಕಿ ಅದು) ಕಲ್ಲು ನೀರಲ್ಲಿ ನೆನೆಸಿ ತಿಂಗಳಿಗೊಮ್ಮೆ ಎಳೆದರೆ ಸಾಕು. ಹೆಚ್ಚುವುದು ಮರದ ಮಣೆಯ ಮೇಲೆ ಇರಲಿ, ಗ್ರಾನೈಟ್ ಕಟ್ಟೆಯ ಮೇಲೆ ಹೆಚ್ಚಿದರೆ ಯಾವ ದೇಶದ ಚಾಕುವೂ ವಾರಕ್ಕೇ ಮೊಂಡು.